ಅವ್ವನ ಪದಗಳ ಫೈಲು

ಹೊಸದುರ್ಗ ದಾಟಿ ಬಸ್ಸು ಮಾರಿಕಣಿವೆಯ ಕಡೆ ಹೊರಳಿದರೆ ನನಗೆ ಯಾವಾಗಲೂ ಮಂಪರು. ಅವತ್ತೂ ಹಾಗೇ. ಕಣ್ಣು ಮುಚ್ಚಿದರೆ ಬಿ.ದುರ್ಗದ ಬಯಲು, ಮುಂದೆ ಕುರಿ, ಹಿಂದೆ ಪದ ಹಾಡುತ್ತಾ ಅವ್ವ. ಕಣ್ಣು ತೆರೆದರೆ ಕಿಟಕಿಯಾಚೆ ಅಣೆಕಟ್ಟೆಯ ನೀರು. ಲಕ್ವ ಹೊಡೆದು ಅವ್ವನ ಮಾತು ನಿಂತು ವರ್ಷವಾಗಿತ್ತು. ಅವಳ ಪದಗಳು ಉಳಿದಿದ್ದು ಒಂದೇ ಕಡೆ, ಸೋದರಮಾವನ ಕಂಪ್ಯೂಟರಿನಲ್ಲಿ. ಆ ಫೈಲು ತೆರೆಯುತ್ತಿಲ್ಲ ಎಂದು ಮಾವ ಫೋನು ಮಾಡಿದ್ದರು.

ಅವ್ವ ಇರುವುದು ತನ್ನ ತಮ್ಮನಾದ ಈ ಮಾವನ ಮನೆಯಲ್ಲೇ. ಮಾವ ಅಣೆಕಟ್ಟೆಯಲ್ಲಿ ನೀರಿನ ಮಟ್ಟ ನೋಡಿ ಬರೆಯುವ ಕೆಲಸದಲ್ಲಿದ್ದವರು. ಕಂಡಷ್ಟೇ ಬರೆಯಬೇಕು, ಕೈಯಿಂದ ಒಂದು ಅಂಗುಲ ಕೂಡಿಸಬಾರದು, ಕಳೆಯಬಾರದು. ಕೊನೆಗೆ ಶುಭಂ ಎಂದು ಬರೆದು ಪುಸ್ತಕ ಮುಚ್ಚಬೇಕು. ನಿವೃತ್ತಿಯಾದ ಮೇಲೆ ಟೈಪಿಂಗ್ ಕಲಿತು, ಒಂದು ಇಡೀ ಚಳಿಗಾಲ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಹಾಡಿಸಿ ಬರೆದರು. ಆ ಚಳಿಗಾಲ ನಾನು ಹೊಳಲ್ಕೆರೆಯಿಂದ ಒಂದು ಸಲವೂ ಬರಲಿಲ್ಲ. ಶಾಲೆಯ ಕೆಲಸ ಅನ್ನುತ್ತಿದ್ದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮನೆಯಲ್ಲಿ ಅವ್ವ ಮಂಚಕ್ಕೆ ಒರಗಿ, ಅಂಗಳದ ತೊಟ್ಟಿಯ ನೀರಿನ ಬೆಳಕು ಸೂರಿನಲ್ಲಿ ಅಲುಗುವುದನ್ನು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಎಷ್ಟೋ ಹೊತ್ತು ಅದನ್ನೇ ನೋಡಿದೆ. ಬಂದ ಕೆಲಸವೇ ಮರೆತುಹೋಗಿತ್ತು.

"ಹಿರಿಯೂರಾಗೆ ಕಂಪ್ಯೂಟರ್ ಅಂಗಡಿಯವ್ನಿಗೆ ತೋರ್ಸಿದೆ ಕಣವ್ವ. ಫೈಲು ಕೆಟ್ಟೈತೆ, ಆಸೆ ಬಿಡ್ರಿ ಅಂದ. ಆಸೆ ಬಿಡು ಅನ್ನಾಕೆ ಅವನ್ಯಾರು?" ಎನ್ನುತ್ತಾ ಮಾವ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು.

ಪರದೆಯ ಮೇಲೆ ಫೈಲು ಬರೀ ಬಿಳಿ ಹಾಳೆಯ ಪುಟ್ಟ ಚಿತ್ರವಾಗಿ ಕೂತಿತ್ತು. ಒತ್ತಿದರೆ, ಯಾವುದರಲ್ಲಿ ತೆರೆಯಲಿ ಎಂದು ನನ್ನನ್ನೇ ಕೇಳುತ್ತಿತ್ತು. ನೋಟ್‌ಪ್ಯಾಡಿನಲ್ಲಿ ತೆರೆದೆ. ಚೌಕ, ಚುಕ್ಕಿ, ಗೀಟು. ಮಾವ ಮುಖ ತಿರುಗಿಸಿಕೊಂಡರು. ಅದನ್ನು ಮುಚ್ಚಿ, ಮೊದಲು ಒಂದು ನಕಲು ಮಾಡಿಟ್ಟು, ಸೈಜು ನೋಡಿದೆ. ಸೊನ್ನೆ ಇರಲಿಲ್ಲ. ಒಳಗೆ ಏನೋ ಇತ್ತು. ಆಮೇಲೆ ಹೆಸರನ್ನು ಸರಿಯಾಗಿ ಓದಿದೆ: ಅಕ್ಕನ ಪದಗಳು, ಒಂದು ಚುಕ್ಕಿ, ಶುಭಂ.

"ಮಾವ, ಈ ಹೆಸ್ರು ಯಾವಾಗ ಇಟ್ರಿ?"

"ಎಲ್ಲಾ ಬರ್ದು ಮುಗೀತಲ್ಲ, ಅವತ್ತು. ಚುಕ್ಕಿ ಆದ್ಮೇಲೆ ಏನೋ ಇಂಗ್ಲಿಷ್ ಬಾಲ ಇತ್ತು. ತೆಗ್ದು ಶುಭಂ ಹಾಕ್ದೆ."

"ಹಂಗೆ ಮಾಡಿದ್ರೆ ಫೈಲು ಕೆಡ್ಬೋದು ಅಂತ ಕಂಪ್ಯೂಟರು ಹೇಳ್ಳಿಲ್ವಾ?"

"ಹೇಳ್ತು. ಹೂಂ ಅಂದೆ."

ನನಗೆ ನಗು ತಡೆಯಲಾಗಲಿಲ್ಲ. ಆ ಬಾಲ ನೋಡಿಯೇ ಕಂಪ್ಯೂಟರು ಇದು ವರ್ಡ್ ಫೈಲು ಎಂದು ಗುರುತು ಹಿಡಿಯುವುದು. ನಕಲಿನ ಹೆಸರಿನಿಂದ ಶುಭಂ ಅಳಿಸಿ ಹಳೆಯ ಬಾಲ ಹಚ್ಚಿದೆ. ಬಿಳಿ ಹಾಳೆಗೆ ನೀಲಿ ಬಣ್ಣ ಬಂತು. ಒತ್ತಿದೆ, ತೆರೆದುಕೊಂಡಿತು.

ಮಾವ ಕನ್ನಡಕ ಏರಿಸಿ ಜೋರಾಗಿ ಓದತೊಡಗಿದರು. ಪದದ ನಡುವೆ ಒಂದು ಸಾಲು: "ಇಲ್ಲಿ ಅಕ್ಕ ಕೆಮ್ಮಿದಳು." ಸ್ವಲ್ಪ ಕೆಳಗೆ ಇನ್ನೊಂದು: "ಇಲ್ಲಿ ಅಕ್ಕ ನಿಲ್ಲಿಸಿದಳು. ಬಸ್ ಬಂತು, ಮಗಳು ಬಂದ್ಲೇನೋ ನೋಡು ಅಂದಳು. ನೋಡಿದೆ. ಬರಲಿಲ್ಲ."

ಮುಂದಿನ ಪದದಲ್ಲೂ ಬಸ್ ಬಂತು. ಅದರ ಮುಂದಿನದರಲ್ಲೂ. ಮಗಳು ಬರಲಿಲ್ಲ, ಬರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು, ಆಮೇಲೆ ಅಳು ಬಂತು.

"ಇದನ್ನೆಲ್ಲಾ ಯಾಕೆ ಬರೆದ್ರಿ ಮಾವ?"

"ಅಂದ್ಲಲ್ಲ. ಅಂದಿದ್ದು ಬಿಡಾಕಾಗುತ್ತಾ?"

ಅವರು ಕೊನೆಯ ಪುಟಕ್ಕೆ ಹೋದರು. "ಇವತ್ತು ಬಸ್ಸು ಎಷ್ಟೊತ್ತಿಗೆ ಬಂತವ್ವ?"

"ಹತ್ತೂವರೆಗೆ" ಎಂದೆ.

ಒಂದೇ ಬೆರಳಲ್ಲಿ ನಿಧಾನವಾಗಿ ಹೊಡೆದರು: "ಹತ್ತೂವರೆ. ಬಸ್ ಬಂತು. ಮಗಳು ಬಂದಳು." ಆಮೇಲೆ ನನ್ನ ಕಡೆ ನೋಡಿ ಕೇಳಿದರು, "ಶುಭಂ ಹಾಕ್ಲಾ?"

"ಒಳಗೆ ಹಾಕ್ರಿ ಮಾವ. ಹೆಸ್ರಿಗೆ ಮಾತ್ರ ಬೇಡ."

ಬರೆದದ್ದನ್ನು ಅಕ್ಕನಿಗೆ ಕೇಳುವಂತೆ ಮತ್ತೊಮ್ಮೆ ಓದಿದರು. ಅವ್ವ ಸೂರಿನಿಂದ ಕಣ್ಣಿಳಿಸಿ ನನ್ನನ್ನು ನೋಡಿದಳು.