ತಾರೀಕು ಹಾಕದ ಅರ್ಜಿ

ನಮ್ಮ ಮುಖ್ಯ ಶಿಕ್ಷಕಿ ವತ್ಸಲಾ ಅಕ್ಕೋರು ಬರುತ್ತಿದ್ದಾರೆ ಎಂಬುದು ನಮಗೆ ಮೊದಲು ತಿಳಿಯುತ್ತಿದ್ದದ್ದು ಅವರ ಬೀಗದ ಕೈಗಳ ಸದ್ದಿನಿಂದ. ಗೇಟಿನ ಬಳಿ ಝಣ್ ಅಂದರೆ ಸಾಕು, ಎಂಟನೇ ತರಗತಿಯ ಗದ್ದಲ ಅಡಗುತ್ತಿತ್ತು, ಜವಾನ ಫಕೀರಪ್ಪ ಬೀಡಿ ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದ, ನಾನು ಬಾಯಲ್ಲಿದ್ದ ಚಕ್ಕುಲಿಯನ್ನು ಅಗಿಯದೆ ನುಂಗುತ್ತಿದ್ದೆ. ಶಾಲೆಯ ಎಲ್ಲ ಬೀಗಗಳ ಕೈಗಳೂ ಒಂದೇ ಬಳೆಯಲ್ಲಿದ್ದವು. ಪ್ರಯೋಗಾಲಯದ್ದು, ಬಿಸಿಯೂಟದ ಕೋಣೆಯದ್ದು, ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ಕೋಣೆಯದ್ದು. ಆ ಬಳೆಯನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಅದರಲ್ಲಿ ಎಲ್ಲಕ್ಕಿಂತ ಸಣ್ಣ ಕೈ ಅವರ ಮೇಜಿನ ಎಡಗಡೆಯ ಡ್ರಾಯರಿನದು. ಆ ಡ್ರಾಯರಿನಲ್ಲಿ ಶಿಕ್ಷಕರು, ಜವಾನ, ನಮ್ಮೆಲ್ಲರ ರಜೆ ಅರ್ಜಿಗಳಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಪ್ರೌಢಶಾಲೆ ಇರುವುದು ದಾಸನಕೊಪ್ಪದ ಆಚೆ. ಶಿರಸಿಯಿಂದ ಬೆಳಿಗ್ಗೆ ಬರುವುದು ಒಂದೇ ಬಸ್ಸು, ಅದೂ ಮನಸ್ಸು ಬಂದರೆ ಬರುತ್ತದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತ ದಿನವೇ ತಾಲೂಕಿನ ಸಾಹೇಬರು ಜೀಪಿನಲ್ಲಿ ಬಂದು ಹಾಜರಿ ಪುಸ್ತಕ ತೆರೆದರೆ ಏನು ಗತಿ? ಅದಕ್ಕೇ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ವಾರವೇ ನಾವೆಲ್ಲ ಒಂದೊಂದು ರಜೆ ಅರ್ಜಿ ಬರೆದು, ಸಹಿ ಮಾಡಿ, ತಾರೀಕಿನ ಜಾಗ ಖಾಲಿ ಬಿಟ್ಟು ಅಕ್ಕೋರಿಗೆ ಕೊಡುತ್ತಿದ್ದೆವು. ಸಾಹೇಬರು ಬಂದಾಗ ಯಾರಿಲ್ಲವೋ ಅವರ ಅರ್ಜಿಗೆ ತಾರೀಕು ಬೀಳುತ್ತಿತ್ತು. ತಪ್ಪು, ಗೊತ್ತು. ಆ ಬಸ್ಸನ್ನು ನಂಬಿ ನೌಕರಿ ಮಾಡಿದವರು ಮಾತ್ರ ನನ್ನನ್ನು ಬೈಯಬೇಕು.

ಅಕ್ಕೋರು ಈ ತಪ್ಪನ್ನು ಬೇರೆಯೇ ಒಂದು ಕೆಲಸಕ್ಕೆ ಬಳಸುತ್ತಿದ್ದರು. ನಾನು ಸೇರಿದ ಮೊದಲ ವರ್ಷ ಮೂರು ದಿನದಿಂದ ಜ್ವರ ಇಟ್ಟುಕೊಂಡೇ ಪಾಠ ಮಾಡುತ್ತಿದ್ದೆ. ಹೊಸ ನೌಕರಿ, ಹೆದರಿಕೆ. ಪ್ರಾರ್ಥನೆ ಮುಗಿದ ಮೇಲೆ ಅಕ್ಕೋರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದರು. ಕೋಣೆಗೆ ಕರೆದೊಯ್ದು, ಸಣ್ಣ ಬೀಗದ ಕೈಯಿಂದ ಡ್ರಾಯರ್ ತೆರೆದು, ನನ್ನ ಅರ್ಜಿ ತೆಗೆದು ಅವತ್ತಿನ ತಾರೀಕು ಬರೆದೇಬಿಟ್ಟರು.

"ನಾನು ರಜಾ ಕೇಳಿಲ್ರಿ ಅಕ್ಕೋರೆ."

"ನೀ ಕೇಳೂದಿಲ್ಲೆ ಅಂತ ಗೊತ್ತಿದ್ದೇ ನಾ ಹಾಕಿದ್ದು. ಎಂತ ನೋಡ್ತೆ? ನಿನ್ನ ಮುಖ ಸರಿ ಇಲ್ಲೆ. ಫಕೀರಪ್ಪನ ಬೈಕ್ ಹತ್ತು. ಶಾಲೆ ಎಂತೂ ಓಡಿ ಹೋಗ್ತಿಲ್ಲೆ."

ಶಿರಸಿಯ ಡಾಕ್ಟರು ಕಾಮಾಲೆ ಎಂದರು. ಇನ್ನೆರಡು ದಿನ ತಡ ಮಾಡಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ನಾನು ಇವತ್ತು ಕೂತು ಇದನ್ನು ಬರೆಯುತ್ತಿರುವುದು ಅವರು ಹಾಕಿದ ಆ ತಾರೀಕಿನಿಂದ.

ಹೀಗೆ ಅವರು ಕಳಿಸಿದವರು ನಾನೊಬ್ಬಳೇ ಅಲ್ಲ. ಗಣಿತದವರ ಹೆಂಡತಿಯ ಹೆರಿಗೆಗೆ, ಹಿಂದಿಯವರು ಬಡ್ತಿ ಪರೀಕ್ಷೆಗೆ ಓದಲಿ ಎಂದು, ಫಕೀರಪ್ಪ ಮಗಳ ಮನೆಗೆ ಹೋಗಿ ಬರಲಿ ಎಂದು, ಬೇಕಾದವರಿಗೆಲ್ಲ ಅವರೇ ತಾರೀಕು ಹಾಕಿದರು, ಅವರ ಪಾಠಗಳನ್ನೂ ತಾವೇ ಮಾಡಿದರು. ಡ್ರಾಯರಿನ ತಳದಲ್ಲಿ ಅವರದೇ ಒಂದು ಅರ್ಜಿಯೂ ಇತ್ತು. "ಸ್ವಂತ ಕೆಲಸದ ನಿಮಿತ್ತ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ವರ್ಷ ವರ್ಷ ನಮ್ಮವು ಹೊಸದಾಗುತ್ತಿದ್ದವು, ಅವರದು ಅದೇ ಹಳೆಯ ಕಾಗದ, ಮಡಿಕೆಯಲ್ಲಿ ಹರಿಯುವಷ್ಟು ಹಳತು. ಸ್ವಂತ ಕೆಲಸವೆಂದರೆ ದೊಡ್ಡದೇನೂ ಅಲ್ಲ. ಅವರು ಯಲ್ಲಾಪುರದ ಕಡೆಯವರು, ಲಗ್ನವಾಗಿರಲಿಲ್ಲ, ತಂಗಿ ನಂದೊಳ್ಳಿಯಲ್ಲಿದ್ದಳು. ಎಲ್ಲ ಮಕ್ಕಳೂ ಪಾಸಾದರೆ ಚಂದಗುಳಿಯ ಗಣಪತಿಗೆ ಗಂಟೆ ಕಟ್ಟುತ್ತೇನೆ ಎಂದು ಹರಕೆ ಹೊತ್ತಿದ್ದರು. ಮಕ್ಕಳು ಪಾಸಾದರು, ಗಂಟೆಯೂ ಬಂತು. ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು ಅದು ಅವರ ಬೀರುವಿನಲ್ಲಿ ಎರಡು ವರ್ಷದಿಂದ ಕೂತಿತ್ತು.

"ನಿಮ್ಮ ಅರ್ಜಿಗೆ ತಾರೀಕು ಹಾಕೋರು ಯಾರ್ರಿ?" ಎಂದು ಒಮ್ಮೆ ಕೇಳಿದೆ.

"ನೀನೇ. ನನ್ನ ನಂತರದವಳು ನೀನೇ ಅಲ್ದಾ? ನಿಮ್ಮದಕ್ಕೆಲ್ಲ ನಾ ಹಾಕ್ತೆ, ನನ್ನದಕ್ಕೆ ನೀ ಹಾಕು." ನಕ್ಕು ಡ್ರಾಯರ್ ಮುಚ್ಚಿದರು. ನಾನೂ ನಕ್ಕೆ.

ಹೋದ ನವೆಂಬರಿನಲ್ಲಿ ಮೊದಲ ಸಲ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಹತ್ತನೆಯವರಿಗೆ ಪಾಠ ಮಾಡುತ್ತಿದ್ದ ಅಕ್ಕೋರ ಕೈಯಿಂದ ಸುಣ್ಣದ ಕಡ್ಡಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಮೂರನೆಯ ಸಲ ಅವರು ಎತ್ತಿಕೊಳ್ಳಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಉಳಿದದ್ದನ್ನು ಬಾಯಲ್ಲೇ ಹೇಳಿ ಮುಗಿಸಿದರು. ಕಿಟಕಿಯಾಚೆ ನಿಂತಿದ್ದ ನನ್ನನ್ನು ಕಂಡು, "ಎಂತೂ ಅಲ್ಲ, ಗ್ಯಾಸು" ಎಂದರು. ಗ್ಯಾಸಿಗೆ ಕಡ್ಡಿ ಯಾಕೆ ಬೀಳಬೇಕು ಎಂದು ಕೇಳುವ ಬಾಯಿ ನನಗಿರಲಿಲ್ಲ. ಆ ವಾರದಿಂದ ಹಾಜರಿ ಪುಸ್ತಕದಲ್ಲಿ ಅವರ ಸಹಿ ಗೆರೆ ಬಿಟ್ಟು ಕೆಳಗೆ ಇಳಿಯತೊಡಗಿತು. ಪ್ರತಿ ದಿನ ಬೆಳಿಗ್ಗೆ ಅದರ ಕೆಳಗೆ ನನ್ನ ಸಹಿ ಹಾಕುವಾಗ ನೋಡುತ್ತಿದ್ದೆ.

ಡಿಸೆಂಬರಿನಲ್ಲಿ ಮುಖ್ಯ ಶಿಕ್ಷಕರಿಗೆಲ್ಲ ಎರಡು ದಿನದ ನಾಯಕತ್ವ ತರಬೇತಿ ನಡೆಯಿತು. ಹಿಂದಿರುಗಿದ ಅಕ್ಕೋರು ಉತ್ಸಾಹದಲ್ಲಿದ್ದರು. ನಮ್ಮನ್ನೆಲ್ಲ ಕೂರಿಸಿ ಬೋರ್ಡಿನ ಮೇಲೆ ಒಂದು ಚಕ್ರ ಬರೆದು ನಾಲ್ಕು ಭಾಗ ಮಾಡಿದರು. ಆರೋಗ್ಯ, ಮನೆಯವರು, ಉದ್ಯೋಗ, ಕಲಿಕೆ. ನಾಲ್ಕಕ್ಕೂ ದಿನದಲ್ಲಿ ಇಂತಿಷ್ಟು ಹೊತ್ತು ಕೊಡದ ಮುಖ್ಯಸ್ಥ ಬೇಗ ಕುಸಿಯುತ್ತಾನಂತೆ, ಅವನು ನಡೆಸುವ ಸಂಸ್ಥೆಯೂ ಕುಸಿಯುತ್ತದಂತೆ. ಪ್ರತಿಯೊಬ್ಬರೂ ನಮ್ಮ ನಮ್ಮ ಚಕ್ರ ಬರೆದು ತೋರಿಸಬೇಕಾಯಿತು. ನಾನು ಆರೋಗ್ಯದ ಭಾಗದಲ್ಲಿ "ವಾಕಿಂಗ್" ಎಂದು ಬರೆದು ಬೈಸಿಕೊಂಡೆ.

"ಬಸ್ಸಿನ ಹಿಂದೆ ಓಡೂದು ವಾಕಿಂಗಲ್ಲ ನೀಲಾ."

ಅವರ ಚಕ್ರವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಅದನ್ನೂ ಡ್ರಾಯರಿಗೆ ಸೇರಿಸಿದರು.

ಜನವರಿಯಲ್ಲಿ ನಾನೇ ಜುಲುಮೆ ಮಾಡಿ ಒಂದು ಭಾನುವಾರ ಶಿರಸಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ರಕ್ತದೊತ್ತಡ ನೋಡಿ ಡಾಕ್ಟರ ಮುಖ ಸಣ್ಣದಾಯಿತು. ಮಾತ್ರೆ ಕೊಟ್ಟು, ಚೀಟಿ ಬರೆದು, ಈ ವಾರವೇ ಹುಬ್ಬಳ್ಳಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಬೇಕು, ಮುಂದೂಡುವ ಹಾಗಿಲ್ಲ ಎಂದರು. ಹೊರಗೆ ಬಂದ ಅಕ್ಕೋರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿದರು. ತಾಲೂಕಿನ ದೊಡ್ಡ ಹುದ್ದೆಗೆ ಬಡ್ತಿ ಪಟ್ಟಿಯಲ್ಲಿ ಅವರ ಹೆಸರಿತ್ತು. ಇಪ್ಪತ್ತಾರು ವರ್ಷ ಕಾದ ಪಟ್ಟಿ.

"ಪಟ್ಟಿ ಬರೂ ಹೊತ್ತಿಗೆ ತಲೆ ಫೋಟೋ ತೆಗೆಸ್ಕಂಡೆ ಅಂದ್ರೆ ಎಂತ ಹೇಳ್ತಾರೆ ಗೊತ್ತಿದ್ದಾ? ವತ್ಸಲಂಗೆ ತಲೆ ಸರಿ ಇಲ್ಲೆ ಅಂತಾರೆ. ಮಾರ್ಚ್ ಒಂದು ದಾಟ್ಲಿ ಮಾರಾಯ್ತಿ."

ಅಲ್ಲಿಂದ ಅವರ ಬಾಯಲ್ಲಿ ಎಲ್ಲವೂ ಮಾರ್ಚ್ ಆದಮೇಲೆ. ಸ್ಕ್ಯಾನ್ ಮಾರ್ಚ್ ಆದಮೇಲೆ, ಗಂಟೆ ಮಾರ್ಚ್ ಆದಮೇಲೆ. ತಂಗಿಯ ಫೋನು ಬಂದಾಗ ತಮ್ಮ ಮನೆಮಾತಿನಲ್ಲಿ, "ಆನು ಬರ್ತೆ ಹೇಳಿದ್ನಲೇ, ಪರೀಕ್ಷೆ ಮುಗೀಲಿ. ಎಂಗೆ ಎಂತೂ ಆಜಿಲ್ಲೆ" ಎಂದು, ತಮಗೇನೂ ಆಗಿಲ್ಲವೆಂಬ ಹಾಗೆ ಹೇಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅದನ್ನು ಹೇಳುವಾಗ ಅವರ ನಾಲಿಗೆ ಒಂದೆರಡು ಕಡೆ ತೊಡರುತ್ತಿತ್ತು.

ಇನ್ನು ಫೆಬ್ರವರಿಯ ಆ ಶುಕ್ರವಾರದ ಸಂಗತಿ. ಇದನ್ನು ನಾನು ಅವರ ತಂಗಿಗೂ ಹೇಳಿಲ್ಲ. ಮೂರನೆಯ ಪೀರಿಯಡ್ಡಿನಲ್ಲಿ ಹಾಜರಿ ಪುಸ್ತಕ ತರಲು ಅವರ ಕೋಣೆಗೆ ಹೋದೆ. ಅಕ್ಕೋರು ತರಗತಿಯಲ್ಲಿದ್ದರು. ಬೀಗದ ಕೈಗಳ ಬಳೆ ಮೇಜಿನ ಮೇಲೆ ಬಿದ್ದಿತ್ತು. ಅಷ್ಟು ವರ್ಷದಲ್ಲಿ ಅದನ್ನು ಅವರ ಕೈಯಿಂದ ಬೇರೆಯಾಗಿ ನೋಡಿದ್ದೇ ಇಲ್ಲ. ಸಣ್ಣ ಬೀಗದ ಕೈ ಹಾಕಿ ಡ್ರಾಯರ್ ತೆರೆದೆ. ತಳದಲ್ಲಿ ಅವರ ಅರ್ಜಿ, ಅದಕ್ಕೆ ಗುಂಡುಪಿನ್ನಿನಿಂದ ಚುಚ್ಚಿದ ಡಾಕ್ಟರ ಚೀಟಿ, ಜೊತೆಗೆ ಆ ಚಕ್ರ. ಉದ್ಯೋಗ ಮತ್ತು ಕಲಿಕೆಯ ಭಾಗದಲ್ಲಿ ಇರುವೆ ಸಾಲಿನಂಥ ಬರಹ ತುಂಬಿತ್ತು. ಆರೋಗ್ಯ ಮತ್ತು ಮನೆಯವರ ಭಾಗದಲ್ಲಿ ಇದ್ದದ್ದು "ಮಾರ್ಚ್ ಆದಮೇಲೆ" ಎಂಬ ಒಂದೇ ಸಾಲು.

ಅರ್ಜಿಯನ್ನು ಹೊರಗೆ ತೆಗೆದೆ. ಪೆನ್ನಿನ ಕ್ಯಾಪನ್ನೂ ತೆಗೆದೆ. ಸೋಮವಾರದ ತಾರೀಕು ಹಾಕುವುದು, ಅವರ ಮುಂದೆ ಹಿಡಿಯುವುದು, ಬೈದರೆ ಬೈಸಿಕೊಂಡು ನಾನೇ ಹುಬ್ಬಳ್ಳಿಯ ಬಸ್ಸು ಹತ್ತಿಸುವುದು. ನನ್ನ ಮಟ್ಟಿಗೆ ಅವರು ಮಾಡಿದ್ದು ಇದನ್ನೇ ಅಲ್ಲವೇ? ಆದರೆ ಮಂಗಳವಾರ ಜಿಲ್ಲೆಯಿಂದ ತಪಾಸಣೆಯ ತಂಡ ಬರುವುದಿತ್ತು. ಅಕ್ಕೋರು ಹುಬ್ಬಳ್ಳಿಯಲ್ಲಿ ಉಳಿದರೆ ಪ್ರಭಾರ ನನ್ನದು. ತಂಡದ ಮುಂದೆ ಒಬ್ಬಳೇ ನಿಲ್ಲುವುದನ್ನು ನೆನೆದು ನನ್ನ ಕೈ ತಡೆಯಿತು. ಮಂಗಳವಾರ ಕಳೆಯಲಿ, ಬುಧವಾರದ ತಾರೀಕು ಹಾಕೋಣ ಅಂದುಕೊಂಡೆ. ಅರ್ಜಿಯನ್ನು ಇದ್ದಲ್ಲೇ ಇಟ್ಟು ಬೀಗ ಹಾಕಿ ತರಗತಿಗೆ ಹೋದೆ.

ಮಂಗಳವಾರ ಗೇಟಿನ ಬಳಿ ಝಣ್ ಎನ್ನುವ ಸದ್ದು ಬರಲಿಲ್ಲ. ಒಂಬತ್ತೂ ಮುಕ್ಕಾಲಾಯಿತು. ಬೀಗ ಹಾಕಿದ ಗೇಟಿನ ಹೊರಗೆ ಮಕ್ಕಳು ನಿಂತಿದ್ದರು. ಯಾರೂ ಗದ್ದಲ ಮಾಡುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಕ್ಕೋರ ಬಾಡಿಗೆ ಮನೆಗೆ ಹೋದ ಫಕೀರಪ್ಪ ಅರ್ಧ ಗಂಟೆಯ ಮೇಲೆ ಬೈಕಿನಲ್ಲಿ ತಿರುಗಿ ಬಂದ. ಬೀಗದ ಕೈಗಳು ಅವನ ಕೈಯಲ್ಲಿದ್ದವು.

"ಕುರ್ಚಿ ಮ್ಯಾಲೆ ಕುಂತಾರ್ರಿ ಅಕ್ಕೋರು. ಸೀರಿ ಉಟ್ಕೊಂಡು, ಡಬ್ಬಿ ಕಟ್ಕೊಂಡು, ಶಾಲಿಗೆ ಹೊಂಟವ್ರು ಕುಂತ ಹಂಗ ಕುಂತಾರ. ಮಾತು ಇಲ್ರಿ. ಬಾಯಿ ಒಂದ್ ಕಡಿ ಸೊಟ್ಟ ಆಗೇತಿ. ಬಾಜೂ ಮನಿಯವ್ರು ಕಾರಿನಾಗ ಹಾಕ್ಕೊಂಡು ಶಿರಸಿಗೆ ಹೋದ್ರು. ಇವನ್ನ ಮುಷ್ಟಿಯೊಳಗಿಂದ ಬಿಡಿಸ್ಕೊಂಡು ಬಂದೇನ್ರಿ." ಅಷ್ಟು ಹೇಳಿ ಅವನು ಗೇಟಿನ ಕಟ್ಟೆಯ ಮೇಲೆ ಕೂತು ಅತ್ತ.

ನಾನು ಗೇಟು ತೆರೆದೆ, ಪ್ರಾರ್ಥನೆ ಮಾಡಿಸಿದೆ. ತಂಡ ಹನ್ನೊಂದಕ್ಕೆ ಬಂತು. ಮುಖ್ಯ ಶಿಕ್ಷಕಿ ಎಲ್ಲಿ, ರಜೆ ಅರ್ಜಿ ಎಲ್ಲಿ ಎಂಬುದೇ ಮೊದಲ ಪ್ರಶ್ನೆ. ಆಸ್ಪತ್ರೆಗೆ ಒಯ್ದಿದ್ದಾರೆ ಎಂದು ಹೇಳಬೇಕಿತ್ತು. ಆದರೆ ಪಟ್ಟಿ ನೆನಪಾಯಿತು, ತಲೆ ಸರಿಯಿಲ್ಲ ಅಂತಾರೆ ಎಂಬ ಮಾತು ನೆನಪಾಯಿತು. ಡ್ರಾಯರ್ ತೆರೆದು, ಚೀಟಿ ಬಿಡಿಸಿಟ್ಟು, ಆ ಅರ್ಜಿಗೆ ಅವತ್ತಿನ ತಾರೀಕು ಹಾಕಿದೆ. ಶುಕ್ರವಾರ ಬರೆಯಲಾಗದ ಕೈ ಮಂಗಳವಾರ ಒಂದಿಷ್ಟೂ ತಡೆಯದೆ ಬರೆಯಿತು. ತಂಡದ ಹಿರಿಯರು ಓದಿ ಹುಬ್ಬು ಏರಿಸಿದರು. "ಸ್ವಂತ ಕೆಲಸ! ತಪಾಸಣೆ ದಿನವೇ ಸ್ವಂತ ಕೆಲಸ ಬೇಕಾಗಿತ್ತೇನು ಇವರಿಗೆ?" ನಾನು ಹಾಜರಿ ಪುಸ್ತಕ ತೆರೆದು ಅವರ ಮುಂದಿಟ್ಟೆ.

ಮೇ ತಿಂಗಳಲ್ಲಿ ಗಂಟೆಯನ್ನು ಚೀಲದಲ್ಲಿ ಹಾಕಿಕೊಂಡು ನಂದೊಳ್ಳಿಗೆ ಹೋದೆ. ತಂಗಿ ಅವರನ್ನು ಜಗುಲಿಯ ಕುರ್ಚಿಯಲ್ಲಿ ದಿಂಬುಗಳ ನಡುವೆ ಕೂರಿಸಿದ್ದಳು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಬಡ್ತಿಯ ಆದೇಶ ಏಪ್ರಿಲಿನಲ್ಲೇ ಬಂದಿತ್ತಂತೆ. ಬಿಚ್ಚದ ಲಕೋಟೆಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. "ಅಕ್ಕಂಗೆ ಈಗ ಒಂದೇ ಮಾತು ಉಳದ್ದು," ಎಂದಳು ತಂಗಿ. "ತಾರೀಕು, ತಾರೀಕು ಹೇಳ್ತು. ಹಸಿವಾದ್ರೂ ಅದೇ, ನೋವಾದ್ರೂ ಅದೇ. ಇವತ್ತು ಎಷ್ಟನೇ ತಾರೀಕು ಹೇಳಿ ಕೇಳ್ತು ಕಾಣ್ತು. ಹೇಳಿದ್ರೂ ಸಮಾಧಾನ ಇಲ್ಲೆ."

ತಂಗಿ ಗಂಟೆಯನ್ನು ಎತ್ತಿಡಲು ಕೊಂಡೊಯ್ದು, ಚಹಾ ತರಲು ಒಳಗೆ ಹೋದಾಗ ನಾನು ಅವರ ಕಾಲ ಬಳಿ ಕೂತು ಶುಕ್ರವಾರದ ಸಂಗತಿಯನ್ನು ಹೇಳಿಬಿಟ್ಟೆ. ತೆಗೆದದ್ದು, ಇಟ್ಟದ್ದು, ಯಾಕೆ ಇಟ್ಟೆ ಎಂಬುದು, ಎಲ್ಲವನ್ನೂ. ಬೈಯುತ್ತಾರೆ, ಅಳುತ್ತಾರೆ, ಏನಾದರೂ ಸರಿ ಎಂದುಕೊಂಡು ಕಾದೆ. ಅಕ್ಕೋರು ಎಡಗೈ ಎತ್ತಿ ನನ್ನ ಗಲ್ಲ ಹಿಡಿದರು. ಮುಖವನ್ನು ಬೆಳಕಿಗೆ ತಿರುಗಿಸಿ, ಮೊದಲ ವರ್ಷ ನೋಡಿದ ಹಾಗೆಯೇ ಕಣ್ಣು ನೋಡಿದರು. ಅದಾಗಲೇ ಮೂರು ತಿಂಗಳ ಪ್ರಭಾರದಲ್ಲಿ ನನಗೆ ನಿದ್ದೆ ಹೋಗಿತ್ತು, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

"ತಾರೀಕು," ಎಂದರು ಅಕ್ಕೋರು, ನನ್ನ ಎದೆಗೆ ಬೆರಳು ತಾಗಿಸಿ. "ತಾರೀಕು."

ಅವರು ಕೇಳುತ್ತಿರಲಿಲ್ಲ, ಹೇಳುತ್ತಿದ್ದರು. ಆ ಜಗುಲಿಯಲ್ಲಿ ಅದು ನನಗೊಬ್ಬಳಿಗೇ ಗೊತ್ತಾಯಿತು. ನನ್ನ ಅರ್ಜಿಗೆ ಹಾಕುತ್ತೇನೆ ಅಕ್ಕೋರೆ, ಹೋಗಿ ಡಾಕ್ಟರಿಗೆ ತೋರಿಸಿಕೊಳ್ಳುತ್ತೇನೆ ಎಂದು ಅವರ ಎಡಗೈ ಹಿಡಿದು ಮಾತು ಕೊಟ್ಟು ಬಂದೆ.

ಜೂನ್ ಕೊನೆಯ ಒಂದು ಗುರುವಾರ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಂದೊಳ್ಳಿಯಿಂದ ಫೋನು ಬಂತು. ಅಕ್ಕೋರು ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಸುತ್ತಾರಂತೆ, ಈಗಲೇ ಹೊರಟರೆ ಮುಖ ನೋಡಬಹುದು ಎಂದಳು ತಂಗಿ. ಫಕೀರಪ್ಪ ಬೈಕ್ ಹೊರಗೆ ತಂದು ನಿಲ್ಲಿಸಿ, "ನಡೀರಿ ಅಕ್ಕೋರೆ" ಎಂದ. ಹೊಸ ಶಾಲಾ ವರ್ಷಕ್ಕೆ ನಾನೇ ಬರೆದ ಅರ್ಜಿ ಇನ್ನೂ ತಾರೀಕಿಲ್ಲದೆ ಡ್ರಾಯರಿನಲ್ಲಿತ್ತು, ತೆಗೆದೆ. ಹನ್ನೆರಡು ಗಂಟೆಗೆ ಸಾಹೇಬರು ಬರುವುದಿತ್ತು, ಹೊಸ ಮಕ್ಕಳ ದಾಖಲಾತಿ ಇನ್ನೂ ಅರ್ಧ ಉಳಿದಿತ್ತು. ಪೆನ್ನಿನ ಕ್ಯಾಪ್ ತೆಗೆದೆ, ಮತ್ತೆ ಹಾಕಿದೆ. ಆಮೇಲೆ ಅರ್ಜಿಯನ್ನು ಇದ್ದಲ್ಲೇ ಇಟ್ಟು, ಬೀಗ ಹಾಕಿ, ಬೀಗದ ಕೈಗಳನ್ನು ಎತ್ತಿಕೊಂಡು ತರಗತಿಗಳ ಕಡೆ ನಡೆದೆ. ಆ ಸದ್ದಿಗೆ ಎಂಟನೇ ತರಗತಿಯ ಗದ್ದಲ ತಟ್ಟನೆ ನಿಂತಿತು.