ಮಳವಳ್ಳಿಯ ಗೆಳತಿಯರಿಗೆ ಅನ್ನ, ಸಾರು

ಮೈಸೂರಿನ ರೈಲು ವಿಜಯಪುರಕ್ಕೆ ಒಂದು ಗಂಟೆ ತಡವಾಗಿ ಬಂತು. ಸುಧಾ, ಲತಾ ಇಬ್ಬರೂ ಚೀಲ ಹೊತ್ತು ಇಳಿದರು. ಮಳವಳ್ಳಿಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ನಾವು ಮೂವರು. ಕೃಷಿ ಇಲಾಖೆಯ ನೌಕರಿ ಸಿಕ್ಕಿ ನಾನು ಸಿಂದಗಿಗೆ ಬಂದು ನಾಲ್ಕು ವರ್ಷವಾಯಿತು. ನಮ್ಮ ಮನೆಯವರ ಪಾಲಿಗೆ ಇದು ಪರದೇಶವೇ. ಅಮ್ಮ ಈಗಲೂ ಫೋನಿನಲ್ಲಿ "ನಿಮ್ಮ ದೇಶದಲ್ಲಿ ಮಳೆ ಆಯ್ತಾ?" ಎಂದೇ ಕೇಳುತ್ತಾಳೆ. ಊರ ಕಡೆಯಿಂದ ನನ್ನನ್ನು ಹುಡುಕಿಕೊಂಡು ಬಂದ ಮೊದಲ ಅತಿಥಿಗಳು ಇವರು.

ಬಂದದ್ದು ಬರೀ ನನ್ನ ಮುಖ ನೋಡಲಿಕ್ಕಲ್ಲ. ಮುದ್ದೇಬಿಹಾಳದ ಒಂದು ಸರ್ಕಾರಿ ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ಸುಧಾಳಿಗೆ ನೇಮಕದ ಆದೇಶ ಬಂದಿತ್ತು. ಆ ವಾರದೊಳಗೆ ಸೇರಬೇಕು, ಇಲ್ಲವೇ ಕೆಲಸದ ಆಸೆ ಬಿಡಬೇಕು. "ಮೊದಲು ಆ ಸೀಮೆ ನೋಡ್ತೀನಿ, ಆಮೇಲೆ ತೀರ್ಮಾನ ಮಾಡ್ತೀನಿ" ಎಂದು ಲತಾಳನ್ನು ಜೊತೆಗೆ ಕರೆದುಕೊಂಡು ಹೊರಟುಬಂದಿದ್ದಳು. ಅವಳು ಸೇರಿದರೆ ಎರಡು ಮೂರು ಗಂಟೆಯ ಬಸ್ಸಿನ ದೂರದಲ್ಲಿ ನನ್ನವಳು ಅಂತ ಒಬ್ಬಳು ಇರುತ್ತಾಳೆ. ಅವಳನ್ನು ಹೇಗಾದರೂ ಇಲ್ಲಿ ಉಳಿಸಿಕೊಳ್ಳಬೇಕೆಂದು ನಾನು ಹಟ ತೊಟ್ಟಿದ್ದೆ.

ಆ ಹಟದಲ್ಲಿ ಒಂದು ಅತಿಬುದ್ಧಿಯ ಕೆಲಸ ಮಾಡಿದೆ. ಈ ಸೀಮೆಗೆ ಬಂದ ಹೊಸತರಲ್ಲಿ ಇಲ್ಲಿನ ಖಾರಕ್ಕೂ ಜೋಳದ ರೊಟ್ಟಿಗೂ ನನ್ನ ಹೊಟ್ಟೆ ಎರಡು ತಿಂಗಳು ಮುಷ್ಕರ ಹೂಡಿತ್ತು. ಗೆಳತಿಯರಿಗೆ ಆ ಪಾಡು ಬೇಡವೆಂದು, ಸೀಮೆ ಸುತ್ತಿಕೊಂಡು ಮುದ್ದೇಬಿಹಾಳಕ್ಕೆ ಹೋಗುವ ದಾರಿಯಲ್ಲಿ ನಾವು ಉಣ್ಣಲಿದ್ದ ಮೂರೂ ಮನೆಗೆ ಫೋನ್ ಮಾಡಿದೆ. ಅವರು ನಮ್ಮ ಕಡೆಯವರು, ಖಾರ ತಡೆಯುವುದಿಲ್ಲ, ರೊಟ್ಟಿ ರೂಢಿಯಿಲ್ಲ, ಅನ್ನ ಸಾರು ಮಾಡಿದರೆ ಸಾಕು ಎಂದೆ. ಗೆಳತಿಯರಿಗೆ ಮಾತ್ರ ಇದನ್ನು ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಸಿಂದಗಿಯಿಂದ ಆಲಮೇಲದ ಬಸ್ಸು ಹತ್ತಿದೆವು. ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ್ದರಿಂದ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಹಿಡಿದು ಕೂತೆವು. ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಎರಡೂ ಕಡೆ ಕಪ್ಪು ಮಣ್ಣಿನ ಮೇಲೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ರಸ್ತೆಯನ್ನೆಲ್ಲ ತಾವೇ ಹಿಡಿದಿದ್ದವು. ಸುಧಾ ಕಿಟಕಿಗೆ ಮುಖ ಒಡ್ಡಿ, "ಎಷ್ಟು ದೂರ ನೋಡಿದ್ರೂ ಒಂದು ಗುಡ್ಡ ಅಡ್ಡ ಬರಲ್ಲ ಕಣೇ" ಎಂದಳು. ಅದು ಮೆಚ್ಚುಗೆಯೋ ದೂರೋ ಗೊತ್ತಾಗದೆ ನಾನು ಒಳಗೇ ಒದ್ದಾಡಿದೆ.

ಆಲಮೇಲದಲ್ಲಿ ಶಾಂತಾಬಾಯಿಯವರ ಮನೆ. ಅವರದು ಕಬ್ಬಿನ ಹೊಲವಿದೆ, ಕೆಲಸದ ಮೇಲೆ ಹೋದಾಗಲೆಲ್ಲ ನನಗೆ ಅಲ್ಲೇ ಊಟ. ಮನೆಯಲ್ಲಿ ತಮ್ಮತಮ್ಮಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ. ಹೊರಗಿನ ಕೋಣೆಯಲ್ಲಿ ಮೂವರನ್ನೂ ಸಾಲಾಗಿ ಕೂಡಿಸಿ ಮೆತ್ತಗಿನ ಅನ್ನ, ತಿಳಿ ಬೇಳೆಸಾರು ಬಡಿಸಿದರು. ಖಾರ ಬೇಡವೆಂದರೆ ಅವರು ಮೆಣಸಿನಕಾಯಿಯ ನೆರಳೂ ಬೀಳದಂತೆ ನೋಡಿಕೊಂಡಿದ್ದರು.

"ಸಾವಕಾಶ ಊಟ ಮಾಡ್ರಿ. ನಮ್ಮದು ಒಳಗ ಆಗ್ತದ" ಎಂದು ಅವರು ಅಡುಗೆಮನೆಗೆ ಹೋದರು.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿಯ ವಾಸನೆ, ಮನೆಯವರ ನಗು. ಹೊರಗೆ ನಾವು ಮೂವರು ಆಸ್ಪತ್ರೆಯ ರೋಗಿಗಳಂತೆ ಅನ್ನ ಕಲಸಿದೆವು. ಸುಧಾ ಒಂದೆರಡು ಸಲ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಇನ್ನಷ್ಟು ಸಾರು ಬೇಕೇನೋ, ಊಟ ಹಿಡಿಸಿತಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ.

ಸಂಜೆ ಇಂಡಿ ಮುಟ್ಟಿದೆವು. ಊರ ಹೊರಗೆ ಮಲ್ಕಪ್ಪನವರ ನಿಂಬೆ ತೋಟವಿದೆ, ರಾತ್ರಿ ಅಲ್ಲೇ ವಸತಿ. ತೋಟ ಸುತ್ತುವಾಗ ಸುಧಾ ಗೆಲುವಾಗಿದ್ದಳು. ಗಿಡಕ್ಕೆಷ್ಟು ಕಾಯಿ, ಮಾರುಕಟ್ಟೆ ಎಲ್ಲಿ ಎಂದು ಮಲ್ಕಪ್ಪನವರನ್ನು ಕೇಳಿದ್ದೇ ಕೇಳಿದ್ದು. ಊಟಕ್ಕೆ ಕೂತಾಗ ಮತ್ತೆ ನಮಗೆ ಬೇರೆ ಪಂಕ್ತಿ. ಮೊಸರನ್ನ, ಸಪ್ಪೆ ಸಾರು. ನಿಂಬೆಯ ಊರಿನಲ್ಲಿ ಕೂತವರಿಗೆ ಒಂದು ಹೋಳು ಉಪ್ಪಿನಕಾಯಿಯೂ ಇಲ್ಲ. ಲತಾ ಮೆಲ್ಲಗೆ ಉಪ್ಪಿನಕಾಯಿ ಕೇಳಿದರೆ ಮಲ್ಕಪ್ಪನವರ ಹೆಂಡತಿ, "ಬ್ಯಾಡ್ರಿ ಯವ್ವಾ, ನಿಮಗ ತಡಿಯೂದಿಲ್ಲ" ಎಂದು ಅಕ್ಕರೆಯಿಂದ ಇನ್ನೊಂದು ಸೌಟು ಮೊಸರು ಸುರಿದರು.

ಹಾಸಿಗೆ ಹಾಸುವಾಗ ಸುಧಾ ಹೇಳಿದಳು: "ಜಯಾ, ನಾನು ನಿಮ್ಮಿಬ್ಬರ ಜೊತೆ ಮುದ್ದೇಬಿಹಾಳಕ್ಕೆ ಬರ್ತೀನಿ. ಆದರೆ ಸೇರೋದು ಅನುಮಾನ."

"ಯಾಕೇ, ಧೂಳಾ? ದೂರಾನಾ?"

"ಅದೆಲ್ಲ ಏನಿಲ್ಲ. ಸುಮ್ನೆ."

ಸುಮ್ನೆ ಎಂದರೆ ಸುಧಾ ಬಾಯಿ ಮುಚ್ಚಿದಳೆಂದೇ ಅರ್ಥ. ನಾನು ಬಸ್ಸು, ಬಿಸಿಲು, ಬಯಲು ಎಲ್ಲದರ ಮೇಲೂ ತಪ್ಪು ಹೊರಿಸಿದೆ. ನನ್ನ ಫೋನಿನ ಕಡೆ ಮಾತ್ರ ತಲೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ವಿಜಯಪುರಕ್ಕೆ ಬಂದು, ಅಲ್ಲಿಂದ ಬಸವನ ಬಾಗೇವಾಡಿಯ ಬಸ್ಸು ಹಿಡಿದೆವು. ಬಾಗೇವಾಡಿಯಲ್ಲಿ ಚಹಾ ಕುಡಿಯುವಷ್ಟು ಹೊತ್ತು ಸಿಕ್ಕಿತು. ಗುಡಿಯ ಮುಂದೆ ನಿಂತು ಕೈ ಮುಗಿದೆವು. ನಾನಂತೂ ಸುಧಾಳ ಕೆಲಸದ ಸಲುವಾಗಿಯೇ ಮುಗಿದೆ. ಮಧ್ಯಾಹ್ನದ ಹೊತ್ತಿಗೆ ಹೂವಿನ ಹಿಪ್ಪರಗಿಯಲ್ಲಿ ಇಳಿದೆವು. ಸಿಂದಗಿಯ ನನ್ನ ಮನೆ ಒಡತಿಯ ತಾಯಿ ನೀಲವ್ವ ಇರುವ ಊರದು.

ನೀಲವ್ವ ನಮ್ಮನ್ನು ಹೊರಗೆ ಕೂಡಿಸಲೇ ಇಲ್ಲ. ಕಾಲು ತೊಳೆದದ್ದೇ ತಡ, "ಒಳಗ ಬರ್ರಿ, ಒಲಿ ಮುಂದ ಕುಂದರ್ರಿ" ಎಂದು ಅಡುಗೆಮನೆಗೇ ಕರೆದೊಯ್ದಳು. ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ತಟ್ಟೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಜಜ್ಜಿದ ಉಳ್ಳಾಗಡ್ಡಿ ಬಿದ್ದವು. ನಾನು ಗಾಬರಿಯಾಗಿ ಕಣ್ಸನ್ನೆ ಮಾಡಿದೆ. ನೀಲವ್ವ ಕಂಡೂ ಕಾಣದಂತೆ ಬಡಿಸಿದಳು.

ಸುಧಾ ಮೊದಲ ತುತ್ತಿಗೇ ಕಣ್ಣಲ್ಲಿ ನೀರು ತಂದುಕೊಂಡಳು, ಆದರೆ ಕೈ ನಿಲ್ಲಿಸಲಿಲ್ಲ. ಎರಡನೆಯ ರೊಟ್ಟಿ ಮುಗಿಸಿ ಮೂಗು ಒರೆಸಿಕೊಂಡು ಕೇಳಿದಳು: "ಅಮ್ಮಾ, ಇಲ್ಲಿ ಹೊರಗಿನಿಂದ ಬಂದವರನ್ನ ಬೇರೆ ಕೂರಿಸಿ ಅನ್ನ ಹಾಕೋದು ಪದ್ಧತೀನಾ?"

"ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಎರಡು ಮನೇಲೂ ಹಾಗೇ ಮಾಡಿದ್ರು. ನಮ್ಮ ಜಯಾ ಬಂದು ನಾಲ್ಕು ವರ್ಷ ಆದ್ರೂ ಅವಳಿಗೂ ಹೊರಗೇ ಬಡಿಸಿದ್ರು."

ನೀಲವ್ವ ರೊಟ್ಟಿ ತಿರುವುತ್ತಿದ್ದವಳು ನನ್ನ ಕಡೆ ಬೊಟ್ಟು ಮಾಡಿದಳು. "ಇಕೀನ ಕೇಳ್ರಿ. ನಮ್ಮವರು ರೊಟ್ಟಿ ತಿನ್ನಂಗಿಲ್ಲ, ಖಾರ ಮುಟ್ಟಂಗಿಲ್ಲ ಅಂತ ಫೋನ್ ಹಚ್ಚಿ ಹೇಳ್ಯಾಳ. ಅವರಿಗೂ ಹಂಗ ಹೇಳಿರಬೇಕು. ಅವರು ಮರ್ಯಾದಿ ಮಂದಿ, ನಿಮ್ಮ ಮುಂದ ತಾವು ರೊಟ್ಟಿ ಹ್ಯಾಂಗ ಮುರದಾರು? ಒಳಗ ಕುಂತು ಉಂಡಾರ. ನಾ ಮಾತ್ರ ಇಕಿ ಮಾತು ಕೇಳಿ ಅಲ್ಲೇ ಬಿಟ್ಟೆ. ಗಂಜಿ ಕುಡಸಾಕ ನನ್ನ ಮನಿ ದವಾಖಾನಿ ಅಲ್ಲ."

ಲತಾ ನನ್ನ ತೊಡೆಗೆ ಬಲವಾಗಿ ಒಂದು ಏಟು ಹಾಕಿದಳು. "ಮೂರು ಹೊತ್ತು ಮುದ್ದೆ ನುಂಗಿ ಬೆಳೆದವರು ಕಣೇ ನಾವು. ರೊಟ್ಟಿಗೆ ಹೆದರ್ತೀವಾ?"

ಸುಧಾ ನಗುತ್ತಲೇ ಅತ್ತಳು. "ನಾನು ಏನೇನೋ ಅಂದ್ಕೊಂಡಿದ್ದೆ. ಇಷ್ಟು ವರ್ಷ ಇದ್ದವಳನ್ನೇ ಒಳಗೆ ಕರೆಯಲ್ಲ, ನಾನು ಒಬ್ಬಳೇ ಬಂದು ಹೇಗಿರಲಿ ಅಂತ ರಾತ್ರಿಯೆಲ್ಲ ಅದೇ ಯೋಚನೆ."

ಅವಳಿಗೆ ಬೇಡವಾದದ್ದು ಈ ಸೀಮೆಯಲ್ಲ ಎಂದು ಗೊತ್ತಾಗಿ ನನಗೆ ಹೊತ್ತ ಮೂಟೆ ಇಳಿಸಿದಂತಾಯಿತು. ನಾಚಿಕೆಯೂ ಆಯಿತು ಅನ್ನಿ, ಆದರೆ ನಿರಾಳವೇ ಹೆಚ್ಚು. ಎರಡು ದಿನದ ಹಸಿವು ತೀರುವಂತೆ ನಾನೂ ಉಂಡೆ. ಶಾಂತಾಬಾಯಿಯವರಿಗೂ ಮಲ್ಕಪ್ಪನವರ ಮನೆಗೂ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರ ನಗು ತಟ್ಟೆಯ ಮುಂದೆ ಕೂತವರಿಗೆಲ್ಲ ಕೇಳಿಸಿತು.

ಮೂರು ಗಂಟೆಯ ಸುಮಾರಿಗೆ ಮುದ್ದೇಬಿಹಾಳದ ಶಾಲೆ ತಲುಪಿದೆವು. ಮುಖ್ಯೋಪಾಧ್ಯಾಯರು ಆದೇಶ ನೋಡಿ, ಕನ್ನಡಕ ತೆಗೆದು ನೇರವಾಗಿ ಕೇಳಿದರು: "ಇರ್ತೀರೋ, ವರ್ಗಾ ಮಾಡಿಸ್ಕೊಂಡು ಹೋಗ್ತೀರೋ? ಮೊದಲ ಹೇಳಿಬಿಡ್ರಿ. ಹುಡುಗರು ಹಚ್ಚಿಕೊಂಡ ಮ್ಯಾಲೆ ಹೋದರ ಕಷ್ಟ ಆಗ್ತೈತಿ."

ಹಿಂದಿನ ರಾತ್ರಿಯಾಗಿದ್ದರೆ ಈ ಮಾತಿಗೆ ಸುಧಾ ಮುದುಡಿಕೊಳ್ಳುತ್ತಿದ್ದಳು. ಈಗ ಅವರಷ್ಟೇ ನೇರವಾಗಿ, "ಇರ್ತೀನಿ ಸರ್. ಇವತ್ತೇ ಸೇರ್ತೀನಿ" ಎಂದಳು. ಮೂಲ ದಾಖಲೆಗಳನ್ನೆಲ್ಲ ಚೀಲದಲ್ಲಿ ತಂದೇ ಇದ್ದಳು. ಶಾಲೆಯ ಕನ್ನಡ ಶಿಕ್ಷಕಿ ತಮ್ಮ ಮನೆಯಲ್ಲೇ ಒಂದು ಕೋಣೆ ಖಾಲಿ ಇದೆ ಎಂದರು. ಸುಧಾ ಹೋಗಿ ನೋಡಿ ಚೀಲ ಅಲ್ಲೇ ಇಳಿಸಿದಳು.

ಸಂಜೆ ಸಿಂದಗಿಯ ಬಸ್ಸಿಗೆ ನಾನೂ ಲತಾಳೂ ನಿಲ್ದಾಣಕ್ಕೆ ಬಂದೆವು. ಬೇಡವೆಂದು ನಾವು ಹೇಳಿದರೂ ಸುಧಾ ಬಂದಳು. ಅರ್ಧ ದಿನವೂ ಆಗಿರಲಿಲ್ಲ ಆ ಊರಿನವಳಾಗಿ, ಆಗಲೇ ಯಾರನ್ನೋ ಕೇಳಿ ನಮ್ಮ ಬಸ್ಸು ಎಲ್ಲಿ ನಿಲ್ಲುತ್ತದೆಂದು ತಿಳಿದುಕೊಂಡಿದ್ದಳು, ಒಳಗೆ ಹತ್ತಿ ನಮಗೆ ಸೀಟು ಹಿಡಿದಿದ್ದಳು. ಕಿಟಕಿಯ ಕೆಳಗೆ ನಿಂತು, "ಹುಷಾರಾಗಿ ಹೋಗ್ರೇ. ಬಿಡುವಾದಾಗ ನಮ್ಮೂರಿಗೆ ಬನ್ನಿ" ಎಂದಳು.

ನಮ್ಮೂರು ಎಂದದ್ದು ಅವಳಿಗೇ ಗೊತ್ತಾಗಿರಲಿಲ್ಲ. ನಾನು ಕೈ ಬೀಸಿದೆ. ಬಸ್ಸು ತಿರುವು ದಾಟುವವರೆಗೂ ಹೊರಗೆ ಕತ್ತು ಚಾಚಿ ನೋಡಿದೆ. ಊರು ತೋರಿಸಲೆಂದು ಕರೆತಂದವಳು ನಾನು, ಊರಿನವಳಾಗಿ ನಿಂತು ನನ್ನನ್ನು ಕಳಿಸಿಕೊಟ್ಟವಳು ಅವಳು.