ಖಂಡೆಪ್ಪ ರುಮಾಲು ತೆಗೆದದ್ದು

ಚಿತ್ತಾಪುರದಾಚೆಯ ರೈಲು ಗೇಟಿನ ಸಾರ್ವಭೌಮ ನಮ್ಮ ಖಂಡೆಪ್ಪ. ಅವನು ಗೇಟು ಹಾಕಿದನೆಂದರೆ ಎತ್ತು, ಎಮ್ಮೆ, ತಹಶೀಲ್ದಾರರ ಜೀಪು ಎಲ್ಲವೂ ಶರಣಾಗತ. ಸಾರ್ವಭೌಮನಿಗೆ ಮಾತ್ರ ಆ ಶಹಾಬಾದಿ ಕಲ್ಲಿನ ಚೌಕಿಯಿಂದ ಬಿಡುಗಡೆಯಿರಲಿಲ್ಲ. ಪಾರಾಗಲು ಇದ್ದದ್ದು ಒಂದೇ ದಾರಿ: ಕಲಬುರ್ಗಿಯಲ್ಲಿ ಡ್ರಾಯಿಂಗ್ ಪರೀಕ್ಷೆ ಪಾಸಾಗಿ ಸಾಲಿ ಮಾಸ್ತರನಾಗುವುದು. ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ.

ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು ಎಂದು ಪುಸ್ತಕ ಹೇಳಿತ್ತು. ಗೇಟಿನ ಮುಂದೆ ಸಿಕ್ಕಿಬಿದ್ದವರನ್ನೆಲ್ಲ ಖಂಡೆಪ್ಪ ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಖಡ್ಗದಂತೆ ಚಾಚಿ ಅಳೆಯುತ್ತಿದ್ದ. ತಲೆಯ ಅಳತೆಯನ್ನು ಹಾಳೆಯ ಮೇಲೆ ಏಳೂವರೆ ಸಲ ಇಳಿಸುತ್ತಿದ್ದ. ಚಿತ್ರದಲ್ಲಿ ಅವರೆಲ್ಲ ತಾಳೆಮರಗಳಾದರು. ಕೊನೆಗೆ ಹೆಂಡತಿ ಭೀಮಬಾಯಿ ಜೋಳ ಹಸನು ಮಾಡುತ್ತಲೇ ಇಣುಕಿ ನೋಡಿ, "ನೀವು ರುಮಾಲ ಸೈತ ತಲಿ ಅಳದೀರಿ. ಅದಕ್ಕ ಹಿಂಗ ಆಗ್ಯಾರ," ಎಂದಳು.

ಈಗ ಬರಿದಲೆಯೊಂದು ಬೇಕಾಯಿತು. ಆದರೆ ಆ ಸೀಮೆಯಲ್ಲಿ ಗಂಡಸು ನಾಲ್ಕು ಮಂದಿಯೆದುರು ರುಮಾಲು ತೆಗೆಯುವುದು ಮನೆಯಲ್ಲಿ ಸಾವಾದಾಗ ಮಾತ್ರ. ಸೈಕಲ್ ಹಿಡಿದು ನಿಂತಿದ್ದ ಮಡಿವಾಳಯ್ಯನನ್ನು ಕೇಳಿದ್ದಕ್ಕೆ, "ನಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರಪಾ. ಬೇಕಾದ್ರ ನಿಂದೇ ತಗಿ," ಎಂದ.

ವೀರ ಖಂಡೆಪ್ಪ ತೆಗೆದೇಬಿಟ್ಟ. ಕಂಬಕ್ಕೆ ಬೆನ್ನು ಹಚ್ಚಿ ನಿಂತ; ಭೀಮಬಾಯಿ ಇದ್ದಿಲಿನಿಂದ ನೆತ್ತಿ, ಗದ್ದ, ಎದೆ, ಮೊಣಕಾಲಿಗೆ ಗೆರೆ ಎಳೆದಳು. ಲೆಕ್ಕ ಕೂಡಿತು. ಅದೇ ಹೊತ್ತಿಗೆ ಪ್ಯಾಸೆಂಜರ್ ಗಾಡಿ ಹಾದುಹೋಯಿತು. ಬರಿದಲೆಯ ಗಂಡನನ್ನೂ ಅವನ ಕಾಲ ಬಳಿ ಬಗ್ಗಿದ ಹೆಂಡತಿಯನ್ನೂ ಕಿಟಕಿಯ ಮಂದಿ ಕಂಡರು. ಗಾಡಿ ವಾಡಿ ಜಂಕ್ಷನ್ ಮುಟ್ಟುವಷ್ಟರಲ್ಲಿ ಕೋಡ್ಲಾದಲ್ಲಿದ್ದ ಖಂಡೆಪ್ಪನ ಅಪ್ಪ ಶಿವರಾಯನನ್ನು ಬಾಯಿಮಾತಿನಲ್ಲೇ ಕೊಂದುಬಿಟ್ಟಿದ್ದರು.

ಮರುದಿನವೇ ಪರೀಕ್ಷೆ. ಖಂಡೆಪ್ಪ ಪೆನ್ಸಿಲು ಚೂಪು ಮಾಡಿ, ಮಡಿ ಧೋತರ ಉಟ್ಟು, ಬದಲಿ ಗೇಟ್‌ಮನ್ ಅಬ್ದುಲ್ ಗನಿಯ ದಾರಿ ನೋಡಿದ. ಗನಿ ಬರಲಿಲ್ಲ. ಗೆಳೆಯನ ತಂದೆಯ ಮಣ್ಣಿಗೆ ಹೆಗಲು ಕೊಡಲು ಆ ಪುಣ್ಯಾತ್ಮ ನಸುಕಿನಲ್ಲೇ ಕೋಡ್ಲಾಕ್ಕೆ ಹೋಗಿದ್ದ. ಅಲ್ಲಿ ಶಿವರಾಯನೇ ಅವನಿಗೆ ಚಹಾ ಕುಡಿಸಿ, "ಯಾರು ಸತ್ತಾರ ತಮ್ಮಾ?" ಎಂದು ಮರುಕದಿಂದ ವಿಚಾರಿಸಿದನಂತೆ.

ಇತ್ತ ಕಲಬುರ್ಗಿಯ ಗಾಡಿ ಬಂತು. ಗೇಟು ಬಿಟ್ಟು ಹೋಗುವಂತಿಲ್ಲ. ತಾನು ಕೂತಿರಬೇಕಾದ ಗಾಡಿಗೆ ಖಂಡೆಪ್ಪ ನೆಟ್ಟಗೆ ನಿಂತು ಹಸಿರು ಬಾವುಟ ಹಿಡಿದ. ಕೊನೆಯ ಡಬ್ಬಿ ಕಾಣೆಯಾದ ಮೇಲೂ ಹಿಡಿದೇ ಇದ್ದ.

"ಗಾಡಿ ಹೋತಲ್ಲೋ ಮಾರಾಯಾ," ಎಂದ ಬಂಡಿಯವನೊಬ್ಬ, "ಇನ್ನರೆ ತಗಿ. ಎತ್ತು ಬಿಸಲಾಗ ನಿಂತಾವ."